ದಾರಿಹೋಕರಿಲ್ಲದ ರಸ್ತೆ

ರಸ್ತೆಯಲ್ಲಿ ನಡೆದು ಹೋಗುವ ಹದಿಹರೆಯದ ಹುಡುಗನೊಬ್ಬನ ಮೇಲೆ ಕಾರು ಹಾಯಿಸಿದರೆ 40 ಅಂಕ. ಹನ್ನೆರಡು ವರ್ಷದೊಳಗಿನ ಮಗುವಾದರೆ 70. ಹೆಂಗಸಾದರೆ ಅದೇ ವಯಸ್ಸಿನ ಗಂಡಸಿಗಿಂತ 10 ಹೆಚ್ಚು. 75 ದಾಟಿದವರಾದರೆ, ಗಂಡಾಗಲಿ ಹೆಣ್ಣಾಗಲಿ, ಪೂರ್ತಿ 100. ಅಮೆರಿಕದಲ್ಲಿ 1975ರಲ್ಲಿ ತೆರೆಕಂಡ ‘ಡೆತ್ ರೇಸ್ 2000’ ಚಿತ್ರದ ನಿರೂಪಕ ಈ ಲೆಕ್ಕವನ್ನು ಕಬಡ್ಡಿ ಪಂದ್ಯದ ನಿಯಮ ಹೇಳುವಷ್ಟು ಸಲೀಸಾಗಿ ಹೇಳಿ ಮುಗಿಸುತ್ತಾನೆ. ಮೂವತ್ತಮೂರು ವರ್ಷಗಳ ನಂತರ, 2008ರಲ್ಲಿ, ಪಾಲ್ ಡಬ್ಲ್ಯು. ಎಸ್. ಆಂಡರ್ಸನ್ ನಿರ್ದೇಶನದಲ್ಲಿ ‘ಡೆತ್ ರೇಸ್’ ಎಂಬ ಹೆಸರಿನಲ್ಲಿ ಅದರ ರೀಮೇಕ್ ಬಂತು. ಕಾರುಗಳು ದೊಡ್ಡವಾದವು, ಬಂದೂಕುಗಳು ಹೆಚ್ಚಿದವು, ಸ್ಫೋಟಗಳು ನಿಜವೆನ್ನುವಂತಾದವು. ಆ ಅಂಕಪಟ್ಟಿ ಮಾತ್ರ ಮಾಯವಾಯಿತು, ಅದರ ಜೊತೆಗೆ ದಾರಿಹೋಕನೂ ಮಾಯವಾದ. ಕಥೆ ಎಷ್ಟು ಉಳಿದಿದೆ, ಹೊಸ ನಾಯಕ ಹಳಬನಿಗೆ ಸಮನೇ ಎಂದು ರೀಮೇಕುಗಳನ್ನು ತೂಗುವುದು ನಮ್ಮಲ್ಲಿ ರೂಢಿ. ಇಲ್ಲಿ ನೋಡಬೇಕಾದದ್ದು ಯಾರನ್ನು ಕೈಬಿಟ್ಟರು ಎಂಬುದನ್ನು. ಮೂಲ ಚಿತ್ರದ ಶಕ್ತಿಯೆಲ್ಲ ಆ ದಾರಿಹೋಕನಲ್ಲಿತ್ತು. ಅವನನ್ನು ತೆಗೆದ ಮೇಲೆ ರೀಮೇಕಿಗೆ ನಮ್ಮನ್ನು ಕೇಳಲು ಪ್ರಶ್ನೆಯೇ ಉಳಿಯಲಿಲ್ಲ ಎಂಬುದು ನನ್ನ ವಾದ.

ಮೂಲ ಚಿತ್ರ ದೊಡ್ಡ ಬಂಡವಾಳದ್ದಲ್ಲ. ಕಡಿಮೆ ಹಣದಲ್ಲಿ, ಕೆಲವೇ ದಿನಗಳಲ್ಲಿ ಸಿನಿಮಾ ಮಾಡಿ ಮುಗಿಸುವುದಕ್ಕೆ ಹೆಸರಾಗಿದ್ದ ರೋಜರ್ ಕಾರ್ಮನ್ ಅದರ ನಿರ್ಮಾಪಕರು. ಇಬ್ ಮೆಲ್ಕಿಯೋರ್ ಅವರ ಸಣ್ಣಕಥೆಯೊಂದನ್ನು ಆಧರಿಸಿ, ಸುಮಾರು ಮೂರು ಲಕ್ಷ ಡಾಲರ್ ಖರ್ಚಿನಲ್ಲಿ ಪಾಲ್ ಬಾರ್ಟೆಲ್ ಅದನ್ನು ನಿರ್ದೇಶಿಸಿದರು. ಆರ್ಥಿಕ ಕುಸಿತದ ನಂತರ ಸರ್ವಾಧಿಕಾರದ ಕೈಗೆ ಸಿಕ್ಕ ಅಮೆರಿಕ. ಅಲ್ಲಿ ವರ್ಷಕ್ಕೊಮ್ಮೆ ದೇಶದ ಈ ತುದಿಯಿಂದ ಆ ತುದಿಗೆ ನಡೆಯುವ ರೇಸು. ಅದನ್ನು ಹಬ್ಬದಂತೆ ಟಿವಿಯಲ್ಲಿ ನೋಡುವ ಜನ. ಡೇವಿಡ್ ಕ್ಯಾರಡೀನ್ ಇಲ್ಲಿ ಫ್ರಾಂಕೆನ್‌ಸ್ಟೈನ್ ಎಂಬ ಮುಖವಾಡ ಹಾಕಿದ ಚಾಲಕ. ‘ರಾಕಿ’ಯಿಂದ ಜಗತ್ತಿಗೆಲ್ಲ ಗೊತ್ತಾಗುವುದಕ್ಕೆ ಒಂದು ವರ್ಷ ಮೊದಲಿನ ಸಿಲ್ವೆಸ್ಟರ್ ಸ್ಟಲೋನ್ ಅವನ ಎದುರಾಳಿ, ಮಷಿನ್ ಗನ್ ಜೋ. ವೃದ್ಧರ ಆಸ್ಪತ್ರೆಯೊಂದರ ಮುಂದಿನ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ಆ ದಿನಕ್ಕೆ ದಯಾಮರಣದ ದಿನವೆಂದೇ ಹೆಸರಿಟ್ಟಿದ್ದಾರೆ. ಆಸ್ಪತ್ರೆಯವರು ಮುದುಕರನ್ನು ಗಾಲಿಕುರ್ಚಿಗಳಲ್ಲಿ ತಂದು ರಸ್ತೆಯ ಮೇಲೆ ಬಿಟ್ಟು, ತಾವು ಪಕ್ಕಕ್ಕೆ ಸರಿದು ಕಾರು ಬರುವುದನ್ನೇ ಕಾಯುತ್ತಾರೆ. ಫ್ರಾಂಕೆನ್‌ಸ್ಟೈನ್ ಬರುತ್ತಾನೆ, ಕೊನೆ ಗಳಿಗೆಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾನೆ, ನೋಡುತ್ತ ನಿಂತಿದ್ದ ಡಾಕ್ಟರು, ನರ್ಸುಗಳ ಮೇಲೆ ಹಾಯುತ್ತಾನೆ. ಮುದುಕರು ಕೂತಲ್ಲೇ ಕ್ಷೇಮವಾಗಿ ಉಳಿಯುತ್ತಾರೆ. ಇನ್ನೊಂದೆಡೆ ಅಭಿಮಾನಿ ಹುಡುಗಿಯೊಬ್ಬಳು ತನ್ನ ನಾಯಕನಿಗೆ ಅಂಕ ಸಿಗಲಿ ಎಂದು ತಾನಾಗಿಯೇ ಕಾರಿಗೆ ಎದುರಾಗಿ ನಿಲ್ಲುತ್ತಾಳೆ. ರೇಸಿನ ಮೊದಲ ಬಲಿಯಾದವನ ಹೆಂಡತಿಗೆ ಟಿವಿಯವರು ಮೈಕು ಹಿಡಿದು ಬಹುಮಾನ ಘೋಷಿಸುತ್ತಾರೆ. ಈ ಎಲ್ಲ ದೃಶ್ಯಗಳಲ್ಲೂ ನೋಡುವವರು ಮತ್ತು ಸಾಯುವವರು ಒಂದೇ ಜನ. ಇಂದು ರಸ್ತೆಬದಿಯಲ್ಲಿ ಕೇಕೆ ಹಾಕಿದವನು ನಾಳೆ ಅದೇ ರಸ್ತೆ ದಾಟಬೇಕು. ಥಿಯೇಟರಿನಲ್ಲಿ ಕೂತು ನಕ್ಕ ನಮಗೂ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದರಿಂದಲೇ.

2008ರ ಚಿತ್ರಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಸುಮಾರು ನಾಲ್ಕೂವರೆ ಕೋಟಿ ಡಾಲರ್ ವೆಚ್ಚದ ಆ ಚಿತ್ರದಲ್ಲಿ ಜೇಸನ್ ಸ್ಟೇಥಮ್ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ಕಾರ್ಖಾನೆ ಮುಚ್ಚುತ್ತದೆ, ಕೊನೆಯ ಸಂಬಳ ಕೈಗೆ ಬರುತ್ತದೆ, ಬೆನ್ನಿಗೇ ಪೊಲೀಸರ ಲಾಠಿಯೂ ಬೀಳುತ್ತದೆ. ಹೆಂಡತಿಯನ್ನು ಕೊಂದ ಸುಳ್ಳು ಆರೋಪ ಹೊತ್ತು ಅವನು ಸೇರುವುದು ಕಂಪನಿಯೊಂದು ಲಾಭಕ್ಕಾಗಿ ನಡೆಸುವ ಜೈಲನ್ನು. ಅಲ್ಲಿಯ ಕೈದಿಗಳ ಸಾವಿನ ರೇಸನ್ನು ಜನ ಹಣ ಕೊಟ್ಟು ಇಂಟರ್ನೆಟ್ಟಿನಲ್ಲಿ ನೋಡುತ್ತಾರೆ. ಚಿತ್ರ ಆಗಸ್ಟಿನಲ್ಲಿ ಬಂತು; ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾಗಿ ಅಮೆರಿಕದಲ್ಲಿ ಲಕ್ಷಾಂತರ ಜನರ ಕೆಲಸ ಹೋಯಿತು. ಖಾಸಗಿ ಜೈಲುಗಳಂತೂ ಅಲ್ಲಿ 1980ರ ದಶಕದಿಂದಲೇ ಇವೆ. ಇಷ್ಟು ಗಟ್ಟಿಯಾದ ನೆಲ ಸಿಕ್ಕಿದ್ದರೂ ಚಿತ್ರ ಅದರ ಮೇಲೆ ನಿಲ್ಲುವುದಿಲ್ಲ. ರೇಸು ಶುರುವಾದ ಮೇಲೆ ಅದು ವಿಡಿಯೋ ಗೇಮಿನ ದಾರಿ ಹಿಡಿಯುತ್ತದೆ. ಟ್ರ್ಯಾಕಿನಲ್ಲಿ ಅಲ್ಲಲ್ಲಿ ತಟ್ಟೆಗಳಿವೆ. ಕತ್ತಿಯ ಗುರುತಿನ ಮೇಲೆ ಕಾರು ಹೋದರೆ ಬಂದೂಕು ಚಾಲೂ, ಗುರಾಣಿಯ ಮೇಲೆ ಹೋದರೆ ರಕ್ಷಣೆಯ ಸಾಧನ ಚಾಲೂ, ತಲೆಬುರುಡೆಯ ಮೇಲೆ ಹೋದರೆ ಸಾವು. ಇದರ ಹಿಂದೊಂದು ಚರಿತ್ರೆಯಿದೆ. ಮೂಲ ಚಿತ್ರದ ಬೆನ್ನಿಗೇ 1976ರಲ್ಲಿ ಎಕ್ಸಿಡಿ ಎಂಬ ಕಂಪನಿ ‘ಡೆತ್ ರೇಸ್’ ಎಂಬ ಆರ್ಕೇಡ್ ಗೇಮ್ ತಂದಿತು; ಮನುಷ್ಯಾಕೃತಿಗಳ ಮೇಲೆ ಕಾರು ಹಾಯಿಸುವ ಆ ಆಟ ಅಮೆರಿಕದಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಗಿತ್ತು. ಆಂಡರ್ಸನ್ ಕೂಡ ‘ಮಾರ್ಟಲ್ ಕಾಂಬ್ಯಾಟ್’, ‘ರೆಸಿಡೆಂಟ್ ಈವಿಲ್’ ಗೇಮುಗಳನ್ನು ಸಿನಿಮಾ ಮಾಡಿದವರು. ಹೀಗೆ ಸಿನಿಮಾದಿಂದ ಗೇಮಿಗೆ ಹೋದದ್ದು ಗೇಮಿನಿಂದ ಸಿನಿಮಾಕ್ಕೆ ಮರಳಿತು. ಮರಳುವಾಗ ರಸ್ತೆಯಲ್ಲಿ ಜನರಿರಲಿಲ್ಲ. ಜೈಲಿನ ಗೋಡೆಯೊಳಗೆ ಕೊಲ್ಲುವವನೂ ಕೈದಿ, ಸಾಯುವವನೂ ಕೈದಿ. ಪ್ರೇಕ್ಷಕರೋ, ಜೋನ್ ಆಲೆನ್ ಅಭಿನಯಿಸಿದ ವಾರ್ಡನ್ ಎಣಿಸುವ ಗಿರಾಕಿಗಳು, ಅಷ್ಟೇ. ಅವರಿಗೆ ಮುಖವಿಲ್ಲ, ಅಪಾಯವೂ ಇಲ್ಲ.

ಮಕ್ಕಳು, ಮುದುಕರ ಮೇಲೆ ಕಾರು ಹಾಯಿಸುವುದನ್ನು ಇವತ್ತು ತೋರಿಸಲು ಸಾಧ್ಯವೇ, ತೆಗೆದದ್ದೇ ಸಭ್ಯತೆಯಲ್ಲವೇ ಎಂದು ಕೇಳಬಹುದು. ಆದರೆ ರೀಮೇಕು ರಕ್ತವನ್ನು ಕಡಿಮೆ ಮಾಡಿಲ್ಲ, ಹೆಚ್ಚು ಮಾಡಿದೆ. ಅಪರಾಧಿಯೆಂದು ಮುದ್ರೆ ಬಿದ್ದವನ ರಕ್ತವಾದರೆ ಅಡ್ಡಿಯಿಲ್ಲ, ಮನಸ್ಸಿಗೆ ಹಿತವಾಗಿ ನೋಡಬಹುದು ಎಂಬ ಈ ನಿಲುವು ಹಳೆಯ ಚಿತ್ರದ ಅಂಕಪಟ್ಟಿಗಿಂತ ಸಭ್ಯವೆಂದು ನಾನು ಒಪ್ಪಲಾರೆ. ಯಾರ ಜೀವಕ್ಕೆ ಎಷ್ಟು ಬೆಲೆ ಎಂದು ಅಲ್ಲಿ ಬಾಯಿಬಿಟ್ಟು ಹೇಳಿದ್ದರು. ಇಲ್ಲಿ ಕೈದಿಯ ಬೆಲೆ ಸೊನ್ನೆ ಎಂದು ಹೇಳದೆಯೇ ನಮ್ಮಿಂದ ಒಪ್ಪಿಸಿಬಿಡುತ್ತಾರೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಮೂಲ ಚಿತ್ರವೂ ಹಣಕ್ಕಾಗಿಯೇ ತೆಗೆದದ್ದು, ವಿಡಂಬನೆಯ ಹೆಸರಿನಲ್ಲಿ ಕ್ರೌರ್ಯವನ್ನೇ ಮಾರಿತು. ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್ ಅದಕ್ಕೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ. ಥಿಯೇಟರಿನಲ್ಲಿ ತುಂಬಿದ್ದ ಚಿಕ್ಕ ಮಕ್ಕಳು ಖುಷಿಯಿಂದ ಚಿತ್ರ ನೋಡಿದ್ದು ಅವರನ್ನು ಕಂಗೆಡಿಸಿತ್ತು. ಅವರ ಆತಂಕ ಸುಳ್ಳಲ್ಲ. ಚಿತ್ರದಲ್ಲಿ ಅಗ್ಗದ ದೃಶ್ಯಗಳಿವೆ, ಅಗತ್ಯವಿಲ್ಲದ ನಗ್ನತೆಯೂ ಇದೆ. ಅಷ್ಟಾದರೂ ಆಸ್ಪತ್ರೆಯ ಎದುರು ಆ ಕಾರು ತಿರುಗಿದ್ದು ಹಣಕ್ಕಾಗಿ ಸೇರಿಸಿದ ತಿರುವಲ್ಲ. ದುರ್ಬಲರನ್ನು ಬಲಿಗಿಟ್ಟು ತಾನು ಸುರಕ್ಷಿತವಾಗಿ ನಿಂತು ನೋಡುವವನತ್ತ ಅದು ನೇರವಾಗಿ ಬೆರಳು ತೋರಿಸುತ್ತದೆ. ಚಿತ್ರದ ಕೊನೆಯೂ ಅದಕ್ಕೆ ತಕ್ಕಂತಿದೆ: ಅಧ್ಯಕ್ಷನಾದ ಫ್ರಾಂಕೆನ್‌ಸ್ಟೈನ್ ರೇಸನ್ನೇ ರದ್ದು ಮಾಡುತ್ತಾನೆ, ಜನರಿಗೆ ಹಿಂಸೆ ಬೇಕು ಎಂದು ಗೋಗರೆಯುವ ಟಿವಿ ನಿರೂಪಕನ ಮೇಲೆ ಕಾರು ಹಾಯಿಸುತ್ತಾನೆ. ಹಿಂಸೆಯನ್ನು ನಿಲ್ಲಿಸಿದವನ ಕೈಯಲ್ಲೂ ಸ್ಟೀರಿಂಗ್ ಇದ್ದೇ ಇದೆ. ಈ ಕಸಿವಿಸಿಯನ್ನು ಚಿತ್ರ ಮುಚ್ಚಿಡುವುದಿಲ್ಲ. ರೀಮೇಕಿನ ನಾಯಕನಾದರೋ ಜೈಲಿನಿಂದ ಪಾರಾಗಿ, ತನ್ನ ಮಗುವನ್ನು ಸೇರಿಕೊಂಡು ನೆಮ್ಮದಿಯಾಗುತ್ತಾನೆ. ಹಣ ಕೊಟ್ಟು ಆ ರೇಸು ನೋಡಿದವರನ್ನು ಚಿತ್ರ ಒಂದು ಮಾತೂ ಕೇಳುವುದಿಲ್ಲ.

ಕಾರ್ಮನ್ ಅವರೇ 2017ರಲ್ಲಿ ‘ಡೆತ್ ರೇಸ್ 2050’ ನಿರ್ಮಿಸಿ ದಾರಿಹೋಕರನ್ನು ರಸ್ತೆಗೆ ಮರಳಿ ತಂದರು. ಅಲ್ಲಿ ಜನ ಕಣ್ಣಿಗೆ ಸಾಧನ ಕಟ್ಟಿಕೊಂಡು, ಚಾಲಕನ ಸೀಟಿನಲ್ಲಿ ಕೂತವರಂತೆ ರೇಸು ನೋಡುತ್ತಾರೆ. ಚಿತ್ರ ಒರಟಾಗಿದೆ, ಹಲವು ಕಡೆ ಸೋಲುತ್ತದೆ, ಆದರೂ ಮೂಲದ ಮರ್ಮ ಯಾವುದೆಂದು ಅದಕ್ಕೆ ಗೊತ್ತಿತ್ತು. ಕಾರ್ಮನ್ 2024ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ರೀಮೇಕನ್ನಷ್ಟೇ ನೋಡಿದವರು ದಯವಿಟ್ಟು 1975ರ ಚಿತ್ರವನ್ನೂ ಒಮ್ಮೆ ನೋಡಿ. ಮಕ್ಕಳನ್ನು ಮಾತ್ರ ಜೊತೆಗೆ ಕೂರಿಸಿಕೊಳ್ಳಬೇಡಿ.