ಪಾಠದ ಗ್ರಂಥ, ಪಕ್ಕದ ಊರು

ಕನ್ನಡದಲ್ಲಿ ದೊರೆತಿರುವ ಅತಿ ಹಳೆಯ ಗ್ರಂಥ ಯಾವುದು? ಆಳಂದ ತಾಲ್ಲೂಕಿನ ಜಿಡಗಾದಂಥ ಊರಿನ ಏಳನೇ ತರಗತಿಯ ಮಗುವೂ ‘ಕವಿರಾಜಮಾರ್ಗ’ ಎಂದು ಥಟ್ಟನೆ ಹೇಳಬಹುದು. ಅಂಕ ಬರುತ್ತದೆ, ಪರೀಕ್ಷೆ ಮುಗಿದ ಮೇಲೆ ಉತ್ತರ ಮರೆತೂ ಹೋಗುತ್ತದೆ.

ಮರೆಯದಂತೆ ಕಲಿಸಲು ಪಾಲಕರಿಗೊಂದು ದಾರಿಯಿದೆ. ಈ ಗ್ರಂಥ ಬರೆದ ಶ್ರೀವಿಜಯ, ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದವನು. ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯದೇ ಆದ ಇಂದಿನ ಮಳಖೇಡ. ಕಾಗಿಣಾ ದಂಡೆಯ ಕೋಟೆಯನ್ನು ಒಂದು ರಜೆಯ ದಿನ ಮಕ್ಕಳಿಗೆ ತೋರಿಸಿ.

ಮನೆಗೆ ಬಂದು ನಕಾಶೆ ಹರಡಿ. ಕನ್ನಡನಾಡು ಕಾವೇರಿಯಿಂದ ಗೋದಾವರಿವರೆಗೆ ಇತ್ತೆಂದು ಆ ಗ್ರಂಥ ಹೇಳುತ್ತದೆ. ಎರಡೂ ನದಿಗಳ ಮೇಲೆ ಮಗುವಿನ ಕೈಯಿಂದಲೇ ಗೆರೆ ಎಳೆಸಿ. ನಡುವೆ ಕೃಷ್ಣಾ, ಭೀಮಾ ಸಿಗುತ್ತವೆ, ಜಿಡಗಾವೂ ಸಿಗುತ್ತದೆ.

‘ಗೋದಾವರಿ ಈಗ ನಮ್ಮ ರಾಜ್ಯದಾಗ ಯಾಕಿಲ್ಲ?’ ಎಂದು ಮಗು ಕೇಳಿದರೆ ಗದರಬೇಡಿ. ಇತಿಹಾಸದ ಪಾಠ ಶುರುವಾಗುವುದೇ ಅಲ್ಲಿ. ಈ ಭಾಗ ನಿಜಾಮರ ಹೈದರಾಬಾದಿಗೆ ಸೇರಿದ್ದು, 1948ರಲ್ಲಿ ಆ ಆಳ್ವಿಕೆ ಮುಗಿದದ್ದು, 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು, ಎಲ್ಲವನ್ನೂ ಹೇಳಿ. ಆ ಕಾಲ ಕಂಡ ಹಿರಿಯರು ಊರಲ್ಲಿದ್ದರೆ ಅವರ ಬಳಿ ಕಳಿಸಿ.

ಯಾವ ಪದ್ಯ ಓದಿದರೂ ಮಗು ಮೂರು ಪ್ರಶ್ನೆ ಕೇಳಲಿ: ಯಾರು ಬರೆದರು? ಯಾವಾಗ? ಆಗ ನಾಡು ಹೇಗಿತ್ತು?

ಸಾಹಿತ್ಯವೆಂದರೆ ದೂರದ ಮೈಸೂರು, ಧಾರವಾಡದವರ ಸ್ವತ್ತು ಎಂಬ ಅಳುಕು ಗಡಿಭಾಗದ ಮಕ್ಕಳಲ್ಲಿ ಉಳಿಯಬಾರದು. ಅದರ ಹಳೆಯ ಬೇರು ಅವರ ಜಿಲ್ಲೆಯಲ್ಲೇ ಇದೆ.