ಹುಬ್ಬಳ್ಳಿಯಿಂದ ಹಿಂತಿರುಗಿದ ಮೇಲೆ: ಪ್ರೇಷಿತ ಕಾರ್ಯ ಮನೆಯಲ್ಲಿ ಮುಂದುವರಿಯಲಿ



ರಜೆಯ ದಿನಗಳಲ್ಲಿ ನಮ್ಮ ಕರಾವಳಿಯ ಯುವಜನರು ತಂಡ ಕಟ್ಟಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಸೇವಾ ಪ್ರವಾಸ ಹೋಗುವುದುಂಟು. ಹುಬ್ಬಳ್ಳಿ-ಧಾರವಾಡದ ಕಡೆ ಹೋಗಿ ಬಂದವರು ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಮಕ್ಕಳಿಗೆ ಪಾಠ ಹೇಳಿಕೊಟ್ಟರು, ಮನೆ ಮನೆಗೆ ಹೋಗಿ ಪ್ರಾರ್ಥಿಸಿದರು, ರೋಗಿಗಳ ಹತ್ತಿರ ಕುಳಿತರು. "ಬರ್ರಿ, ಕುಂದರ್ರಿ" ಎಂದು ಒಳಗೆ ಕರೆದ ಬಡ ತಾಯಿ ಬಿಸಿ ಜೋಳದ ರೊಟ್ಟಿ ತಟ್ಟಿಕೊಟ್ಟಳು. ಹಿಂತಿರುಗುವ ರಾತ್ರಿ ಬಸ್ಸಿನಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಬದುಕು ಇನ್ನು ಬೇರೆಯಾಗಬೇಕು ಎಂದು ಎಲ್ಲರೂ ನಿಶ್ಚಯಿಸಿಕೊಂಡರು.

ತಿಂಗಳು ಕಳೆಯುವಷ್ಟರಲ್ಲಿ ಆ ನಿಶ್ಚಯ ಎಲ್ಲಿ ಹೋಗುತ್ತದೆ? ಒಮ್ಮೆ ಒಬ್ಬ ತಾಯಿ ನನ್ನಲ್ಲಿ ಹೀಗೆ ಹೇಳಿದರು: "ಫಾದರ್, ನನ್ನ ಮಗ ಅಲ್ಲಿ ಐವತ್ತು ಮಂದಿಯ ಪಾತ್ರೆ ತೊಳೆದನಂತೆ. ಫೋಟೋ ನೋಡಿದೆ, ಸಂತೋಷವಾಯಿತು. ಆದರೆ ಮನೆಯಲ್ಲಿ ಊಟ ಮಾಡಿದ ತಟ್ಟೆಯನ್ನು ಇನ್ನೂ ನಾನೇ ಎತ್ತಬೇಕು." ನಕ್ಕು ಸುಮ್ಮನಾಗುವ ಮಾತಲ್ಲ ಇದು. ಪ್ರವಾಸದ ನಿಜವಾದ ಪರೀಕ್ಷೆ ಆ ತಟ್ಟೆಯ ಮುಂದೆಯೇ ನಡೆಯುತ್ತದೆ.

ಮರಳಿ ಬಂದವರು ಶುಭಸಂದೇಶದಲ್ಲಿ

ಕಳುಹಿಸಲ್ಪಟ್ಟವರು ಮರಳಿ ಬಂದ ಪ್ರಸಂಗಗಳು ಪವಿತ್ರ ಗ್ರಂಥದಲ್ಲಿ ಹಲವಿವೆ. ಅವುಗಳಲ್ಲಿ ಮೂರನ್ನು ಗಮನಿಸೋಣ.

ಪ್ರೇಷಿತರು ಹಿಂತಿರುಗಿ ತಾವು ಮಾಡಿದ್ದನ್ನೆಲ್ಲ ವರದಿ ಮಾಡಿದಾಗ ಪ್ರಭು ಯೇಸು ಅವರನ್ನು ಏಕಾಂತ ಸ್ಥಳಕ್ಕೆ ಕರೆದು ವಿಶ್ರಮಿಸಿಕೊಳ್ಳಲು ಹೇಳುತ್ತಾರೆ (ಮಾರ್ಕ 6). ಕಂಡದ್ದು ಮನಸ್ಸಿನ ಆಳಕ್ಕೆ ಇಳಿಯಬೇಕಾದರೆ ಮೌನ ಬೇಕು. ಎಪ್ಪತ್ತೆರಡು ಮಂದಿ ತಮ್ಮ ಯಶಸ್ಸಿಗಾಗಿ ಹಿಗ್ಗುತ್ತ ಬಂದಾಗ, ಆ ಯಶಸ್ಸಿಗಲ್ಲ, ತಾವು ದೇವರಿಗೆ ಸೇರಿದವರೆಂಬುದಕ್ಕೆ ಸಂತೋಷಪಡಬೇಕೆಂದು ಪ್ರಭು ತಿಳಿಹೇಳುತ್ತಾರೆ (ಲೂಕ 10). ಪೌಲ ಮತ್ತು ಬಾರ್ನಬ ತಮ್ಮನ್ನು ಕಳುಹಿಸಿದ ಅಂತಿಯೋಕ್ಯಕ್ಕೆ ಮರಳಿ, ಇಡೀ ಸಭೆಯನ್ನು ಸೇರಿಸಿ, ದೇವರು ತಮ್ಮ ಮೂಲಕ ಮಾಡಿದ್ದನ್ನು ವಿವರಿಸುತ್ತಾರೆ (ಪ್ರೇಷಿತರ ಕಾರ್ಯಕಲಾಪಗಳು 14). ಮೌನ, ದೀನತೆ, ಸಮುದಾಯಕ್ಕೆ ಲೆಕ್ಕ ಒಪ್ಪಿಸುವುದು: ಹಿಂತಿರುಗುವವರ ದಾರಿ ಇದೇ.

ಧಾರವಾಡ ಕಲಿಸುವ ಒಂದು ಪಾಠ

ಧಾರವಾಡದ ನೆಲದಲ್ಲೇ ನಮಗೊಂದು ಉದಾಹರಣೆ ಇದೆ. ನಮ್ಮ ಪ್ರೊಟೆಸ್ಟಂಟ್ ಸಹೋದರರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿ ನೆಲೆಯೂರಿತು. ಆ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಜರ್ಮನಿಯಿಂದ ಬಂದರು. ಬೋಧಿಸಲು ಬಂದ ಅವರು ಮೊದಲು ಕಲಿಯಲು ಕುಳಿತರು. ಜನರ ಮಾತು, ಗಾದೆ, ಹಳಗನ್ನಡ ಕಾವ್ಯ, ವ್ಯಾಕರಣ ಎಲ್ಲವನ್ನೂ ಅಭ್ಯಾಸ ಮಾಡಿದರು. 1877ರಲ್ಲಿ ಸ್ವದೇಶಕ್ಕೆ ಮರಳಿದರೂ ಕೆಲಸ ಬಿಡಲಿಲ್ಲ. 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. 1892ರಲ್ಲಿ ಕೊನೆಯದಾಗಿ ಊರು ಸೇರಿದ ಮೇಲೂ ಅದೇ ಕೆಲಸದಲ್ಲಿದ್ದರು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1903ರಲ್ಲಿ ಅವರು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಧಾರವಾಡದ ಕಿಟೆಲ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಊರಿಗೆ ಮರಳಿದಾಗ ಅವರ ಸೇವೆ ಮುಗಿಯಲಿಲ್ಲ. ಕನ್ನಡಿಗರ ಮೇಲಿನ ಪ್ರೀತಿ ಅವರ ಮನೆಯ ಮೇಜಿನ ಮೇಲೆ ದಿನನಿತ್ಯದ ದುಡಿಮೆಯಾಯಿತು. ಹತ್ತು ದಿನ ಹೋಗಿ ಬಂದ ನಮಗೂ ಅಷ್ಟೇ: ಭಾವನೆ ಆರಿಹೋಗುವ ಮೊದಲು ಅದನ್ನು ಒಂದು ನಿತ್ಯದ ಕೆಲಸವಾಗಿ ಮಾಡಿಕೊಳ್ಳಬೇಕು.

ಹುಬ್ಬಳ್ಳಿ ನಮ್ಮ ಗೇಟಿನಲ್ಲಿಯೇ ಇದೆ

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಯಾರ ಮನೆಯ ರೊಟ್ಟಿ ತಿಂದು ಬಂದೆವೋ ಅವರ ಅಣ್ಣತಮ್ಮಂದಿರು ನಮ್ಮ ಊರಲ್ಲೇ ಇದ್ದಾರೆ. ಧಾರವಾಡ, ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಮಳೆ ಕೈಕೊಟ್ಟಾಗ, ಸಾಲ ಹೆಚ್ಚಾದಾಗ ಗಂಡ-ಹೆಂಡತಿ ಮಕ್ಕಳ ಸಮೇತ ಕರಾವಳಿಗೆ ಕೂಲಿಗೆ ಬರುತ್ತಾರೆ. ನಮ್ಮ ಮನೆಗಳಿಗೆ ಕಲ್ಲು ಹೊರುವವರು, ರಸ್ತೆ ಅಗೆಯುವವರು, ಬೆಳಗ್ಗೆ ಪೇಟೆಯ ವೃತ್ತದಲ್ಲಿ ಬುತ್ತಿ ಹಿಡಿದು ಕೆಲಸಕ್ಕಾಗಿ ಕಾಯುವವರು ಅವರೇ. ಅಲ್ಲಿ "ಅವ್ವಾ" ಎಂದು ಬಾಯ್ತುಂಬ ಕರೆದ ನಾವು ಇಲ್ಲಿ ಅವರನ್ನು "ಘಟ್ಟದವರು" ಎಂದು ಒಂದೇ ಮಾತಿನಲ್ಲಿ ದೂರ ಇಡುತ್ತೇವೆ. ಅಲ್ಲಿ ನೆಲದ ಮೇಲೆ ಜೊತೆಗೆ ಕುಳಿತು ಉಂಡವರು ಇಲ್ಲಿ ಕುಡಿಯುವ ನೀರನ್ನೂ ಗೇಟಿನ ಹೊರಗೆ ಕೊಡುತ್ತೇವೆ. ಕೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ.

ಮೇಲ್ಘಟ್ಟದಲ್ಲಿ ಕಂಡ ಕ್ರಿಸ್ತರನ್ನು ನಮ್ಮ ಅಂಗಳದಲ್ಲಿ ಗುರುತಿಸದಿದ್ದರೆ ನಾವು ಮಾಡಿದ್ದು ಪ್ರವಾಸ ಮಾತ್ರ, ಪ್ರೇಷಿತ ಕಾರ್ಯವಲ್ಲ.

ಮನೆಯಲ್ಲಿ ಏನು ಮಾಡಬಹುದು?

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಆದ್ದರಿಂದ ಆರಂಭ ಮನೆಯಿಂದಲೇ ಆಗಲಿ.

1. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಅಲ್ಲಿ ಭೇಟಿಯಾದ ಕುಟುಂಬಗಳಿಗಾಗಿ ಅರ್ಪಿಸಿ. ಅವರ ಹೆಸರು ಹೇಳಿ ಪ್ರಾರ್ಥಿಸಿ.

2. ಅಲ್ಲಿ ಮಾಡಿದ ಒಂದು ಕೆಲಸವನ್ನು ಇಲ್ಲಿ ಯಾರೂ ಹೇಳದೆ ಮುಂದುವರಿಸಿ: ಪಾತ್ರೆ ತೊಳೆಯುವುದು, ಅಜ್ಜಿಯ ಹತ್ತಿರ ಹತ್ತು ನಿಮಿಷ ಕೂರುವುದು, ತಂಗಿಗೆ ಲೆಕ್ಕ ಹೇಳಿಕೊಡುವುದು.

3. ದುಡಿದವರಿಗೆ ನ್ಯಾಯವಾದ ಕೂಲಿಯನ್ನು ಅದೇ ದಿನ ಕೊಡಿ. ಅವರ ಹೆಸರು, ಊರು, ಮಕ್ಕಳ ಶಾಲೆ ವಿಚಾರಿಸಿ. ಮಗು ಶಾಲೆಗೆ ಹೋಗುತ್ತಿಲ್ಲವಾದರೆ ಹತ್ತಿರದ ಕನ್ನಡ ಶಾಲೆಗೆ ಸೇರಿಸಲು ಜೊತೆಗೆ ಹೋಗಿ.

4. ಬಡವರ, ಮಕ್ಕಳ ಫೋಟೋಗಳನ್ನು ಒಪ್ಪಿಗೆಯಿಲ್ಲದೆ ಹಂಚಬೇಡಿ. ಅವರ ಕಷ್ಟ ನಮ್ಮ ಹೆಗ್ಗಳಿಕೆಗೆ ಸಾಧನವಾಗಬಾರದು.

5. ನೆರವೇರಿಸಲಾಗದ ಮಾತು ಕೊಡಬೇಡಿ. "ಮತ್ತೆ ಬರ್ತೇವೆ" ಎಂದು ಹೇಳಿ ಬಂದಿದ್ದರೆ ಒಂದು ಫೋನ್ ಕರೆಯನ್ನಾದರೂ ಮಾಡಿ.

ಧರ್ಮಕೇಂದ್ರದ ಸೇವಕರಲ್ಲಿ ಒಂದು ವಿನಂತಿ. ತಂಡ ಮರಳಿದ ಭಾನುವಾರ ಸನ್ಮಾನ ಮಾಡಿ ಬಿಟ್ಟುಬಿಡಬೇಡಿ. ವಾರದೊಳಗೆ ಒಮ್ಮೆ, ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಅವರನ್ನು ಕೂಡಿಸಿ, ಏನು ಉಳಿದಿದೆ ಎಂದು ಕೇಳಿ. ವಾರ್ಡಿನ ಸಭೆಯಲ್ಲಿ ಮಾತನಾಡಲು ಅವಕಾಶ ಕೊಡಿ.

ಹೋಗಲಾಗದವರಿಗೂ ಪಾಲಿದೆ

ಮನೆಬಿಟ್ಟು ಹೋಗಲಾಗದ ತಾಯಂದಿರು, ಹಾಸಿಗೆ ಹಿಡಿದ ಹಿರಿಯರು ಬೇಸರಪಡಬೇಕಿಲ್ಲ. ಲಿಸಿಯೇದ ಸಂತ ತೆರೇಜಾ 15ರ ಹರೆಯದಲ್ಲಿ ಕಾರ್ಮೆಲ್ ಮಠ ಸೇರಿ, 1897ರಲ್ಲಿ 24ರ ಹರೆಯದಲ್ಲಿ ಅಲ್ಲೇ ಪ್ರಾಣಬಿಟ್ಟರು. ಯಾವ ಮಿಶನ್ ಪ್ರದೇಶಕ್ಕೂ ಅವರು ಕಾಲಿಟ್ಟವರಲ್ಲ. ಆದರೂ 1927ರಲ್ಲಿ ಧರ್ಮಸಭೆ ಅವರನ್ನು ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗೆ ಮಿಶನ್‌ಗಳ ಪಾಲಕಿಯೆಂದು ಸಾರಿತು. ಸಮುದ್ರ ದಾಟಿದವರಿಗೂ ಮಠದೊಳಗೇ ಉಳಿದವರಿಗೂ ಒಂದೇ ಗೌರವ!

ಗೆರಸೇನರ ನಾಡಿನಲ್ಲಿ ಗುಣಹೊಂದಿದ ಮನುಷ್ಯನು ಪ್ರಭುವಿನ ಜೊತೆ ದೋಣಿ ಹತ್ತಲು ಬೇಡಿಕೊಂಡನು. ಪ್ರಭು ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗಿ ತಿಳಿಸು ಎಂದು ಕಳುಹಿಸಿದರು (ಮಾರ್ಕ 5). ಅವನು ಕೇಳಿದ್ದು ಪ್ರಯಾಣ, ಸಿಕ್ಕಿದ್ದು ಮನೆ. ಅದೇ ಅವನ ಮಿಶನ್ ಆಯಿತು. ನಿಮ್ಮ ಬಸ್ಸು ಘಟ್ಟ ಇಳಿದು ಊರು ಮುಟ್ಟಿದಾಗ ನಿಮ್ಮ ಮಿಶನ್ ಕೂಡ ಆಗಲೇ ಶುರುವಾಗುತ್ತದೆ. ಪ್ರಭು ನಿಮ್ಮನ್ನು ಆಶೀರ್ವದಿಸಲಿ.