ಏಕತಾರಿಯಿಂದ ಗಿಟಾರಿಗೆ: ಶರೀಫರ ಪದ ಮತ್ತು ವಿಮರ್ಶೆಯ ಕಿವಿ

ಹಾಡಿನ ಸಂಕಲನವೊಂದನ್ನು ಸಾಹಿತ್ಯದ ವಿದ್ಯಾರ್ಥಿ ಹೇಗೆ ವಿಮರ್ಶಿಸಬೇಕು? ರಾಗ, ತಾಳಗಳ ವಿಚಾರವನ್ನು ಸಂಗೀತಜ್ಞರಿಗೆ ಬಿಟ್ಟು, ಪದಗಳನ್ನು ಮಾತ್ರ ತಾನು ನೋಡಿದರೆ ಸಾಕೇ? ತತ್ತ್ವಪದಗಳ ವಿಷಯದಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ. ಅವು ಹುಟ್ಟಿದ್ದೇ ಹಾಡಾಗಿ. ರಘು ದೀಕ್ಷಿತರ ಮೊದಲ ಧ್ವನಿಸಂಕಲನ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಉದಾಹರಣೆ.

ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ದೀಕ್ಷಿತರು ಭರತನಾಟ್ಯವನ್ನು ಅಭ್ಯಸಿಸಿದವರು, ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವೀಧರರು. ಗಿಟಾರನ್ನು ಸ್ವತಃ ಕಲಿತವರು. ಹಲವು ವರ್ಷ ಧ್ವನಿಮುದ್ರಣ ಸಂಸ್ಥೆಗಳು ಅವರ ಹಾಡುಗಳಿಗೆ ಒಲಿಯಲಿಲ್ಲ. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ, ಗಾಯಕರ ಹೆಸರನ್ನೇ ಹೊತ್ತು ಸಂಕಲನ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ (1819–1889) 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಿಗಿ' ಎಂಬ ಪದಗಳೂ ಅದರಲ್ಲಿದ್ದವು.

ದೀಕ್ಷಿತರದು ಜಾನಪದ–ರಾಕ್ ಶೈಲಿ. ಅವರನ್ನು ಬ್ಲೂಸ್ ಗಾಯಕರೆನ್ನಲಾಗದು. ಆದರೂ ಬ್ಲೂಸ್‌ನ ಹೋಲಿಕೆ ಇಲ್ಲಿ ಉಪಯುಕ್ತ. ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರ ನಡುವೆ ಹುಟ್ಟಿದ ಆ ಹಾಡಿನ ಪ್ರಸಿದ್ಧ ರೂಪದಲ್ಲಿ ಮೊದಲ ಸಾಲು ಎರಡು ಬಾರಿ ಬರುತ್ತದೆ. ಮೂರನೆಯ ಸಾಲು ಅದಕ್ಕೆ ಉತ್ತರವಾಗುತ್ತದೆ. ಸಾಲಿನ ಕೊನೆಯ ಬಿಡುವಿನಲ್ಲಿ ಗಿಟಾರು ಹಾಡುಗಾರನಿಗೆ ಮರುನುಡಿಯುತ್ತದೆ. ತತ್ತ್ವಪದದಲ್ಲಿಯೂ ಪ್ರತಿ ನುಡಿಯ ನಂತರ ಪಲ್ಲವಿ ಮರಳುತ್ತದೆ. ಮರಳಿದಾಗಲೆಲ್ಲ ಅದರ ಅರ್ಥ ಸ್ವಲ್ಪ ಬೆಳೆದಿರುತ್ತದೆ. ವ್ಯತ್ಯಾಸವಿರುವುದು ವಾದ್ಯದಲ್ಲಿ. ಏಕತಾರಿ ಶ್ರುತಿ ಹಿಡಿದು ಮಾತಿಗೆ ದಾರಿ ಬಿಡುತ್ತದೆ. ಗಿಟಾರು ತಾನೂ ಮಾತಾಡುತ್ತದೆ.

2010ರಲ್ಲಿ ದೀಕ್ಷಿತರು ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ಹೊಸ ಕಲಾವಿದರ ಪ್ರಶಸ್ತಿ ನೀಡಿತು. ಕನ್ನಡವರಿಯದ ಕಿವಿಗೆ ಅಲ್ಲಿ ದಕ್ಕುವುದು ಲಯ, ಕಂಠ, ಉತ್ಸಾಹ. ಆ ಮೆಚ್ಚುಗೆ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದರ್ಧವನ್ನು ಕನ್ನಡ ಬಲ್ಲವರೇ ತುಂಬಬೇಕು.

ಆ ಅರ್ಧ ಯಾವುದು? 'ಗುಡುಗುಡಿ'ಯಲ್ಲಿ ಹುಕ್ಕಾ ಸೇದುವ ಕ್ರಿಯೆ ಅಂತರಂಗದ ಸಾಧನೆಗೆ ರೂಪಕ. ಕುಣಿಸುವ ಲಯ ಕೇಳುಗನನ್ನು ಸೆಳೆಯುತ್ತದೆ ನಿಜ. ಆದರೆ ಅವನು ಹೊಗೆಯಲ್ಲೇ ನಿಂತು ಅನುಭಾವಕ್ಕೆ ದಾಟದೆ ಹೋದರೆ ಪದ ಬರಿಯ ಮೋಜಾಗುತ್ತದೆ. ಈ ಆತಂಕ ಹೊಸದಲ್ಲ. ಭಾವಗೀತೆಗಳು ಸುಗಮ ಸಂಗೀತವಾದಾಗಲೂ, ಇಂಪಿನ ಭರದಲ್ಲಿ ಕವಿತೆ ಕರಗುವುದೇ ಎಂಬ ಚರ್ಚೆ ಕನ್ನಡದಲ್ಲಿ ನಡೆದಿದೆ. ಇನ್ನೊಂದು ಮಗ್ಗುಲೂ ಉಂಟು. ಶರೀಫರು ವೇದಾಂತವನ್ನು ಹೇಳಲು ಹುಕ್ಕಾವನ್ನು ಆರಿಸಿದ್ದೇ ಜನ ನಗುತ್ತ ಹತ್ತಿರ ಬರಲೆಂದು. ಹಾಗಿದ್ದರೆ ಲವಲವಿಕೆ ಪದಕ್ಕೆ ಹೊರಗಿನದಲ್ಲ. ಸಿ. ಅಶ್ವತ್ಥರ ಸ್ವರಸಂಯೋಜನೆಗಳಲ್ಲಿ ಶರೀಫರನ್ನು ಕೇಳಿದ ತಲೆಮಾರಿಗೆ ಗಿಟಾರು ಅಪರಿಚಿತವೆನಿಸಬಹುದು. ಆದರೆ ಅಶ್ವತ್ಥರದೂ ಒಂದು ವ್ಯಾಖ್ಯಾನವೇ.

ಭಾಷೆಯ ಕಡೆಗೂ ಕಿವಿಗೊಡಬೇಕು. ಮೈಸೂರಿನಲ್ಲಿ ಬೆಳೆದ ಗಾಯಕ 'ಮನೆಯ ಮಾಳಿಗೆ' ಎಂದು ತಿದ್ದಿಕೊಳ್ಳಲಿಲ್ಲ. 'ಮನಿಯ ಮಾಳಿಗಿ' ಎಂದೇ ಉಳಿಸಿಕೊಂಡರು. ಪದಾಂತ್ಯದ ಎಕಾರ ಇಕಾರವಾಗುವುದು ಉತ್ತರದ ಕನ್ನಡದ ಲಕ್ಷಣ. ಆ ಒಂದು ಸ್ವರ ಹೋದರೆ ಶಿಶುನಾಳದ ಮಣ್ಣೇ ಹೋದಂತೆ.

ತುಂಗಭದ್ರೆಯ ದಂಡೆಯ ನಾಗಲದಿನ್ನೆ, ಆದವಾನಿ ಸೀಮೆಯ ವಿದ್ಯಾರ್ಥಿಗಳಿಗೆ ಈ ವಿಮರ್ಶೆಯಲ್ಲಿ ವಿಶೇಷ ಅಧಿಕಾರವಿದೆ. ಮಣ್ಣಿನ ಮಾಳಿಗೆಯನ್ನು ಅವರು ನಿಘಂಟಿನಲ್ಲಿ ಹುಡುಕಬೇಕಿಲ್ಲ. ತೆಲುಗಿನಲ್ಲಿ ಅದೇ 'ಮಿದ್ದೆ'. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕದಿದ್ದರೆ ಏನಾಗುವುದೆಂದು ಹಿರಿಯರು ಬಲ್ಲರು. ಮನೆಯೊಳಗಿರುವವನ ಅಲಕ್ಷ್ಯವೇ ಸೋರಿಕೆಗೆ ಕಾರಣವೆಂಬ ಶರೀಫರ ಇಂಗಿತ ಅವರಿಗೆ ನೇರವಾಗಿ ಮುಟ್ಟುತ್ತದೆ. ವೀರಬ್ರಹ್ಮೇಂದ್ರರ ತೆಲುಗು ತತ್ತ್ವಗಳೂ ಕನ್ನಡದ ಪದಗಳೂ ಕಿವಿಗೆ ಬೀಳುವ ಸೀಮೆಯಿದು. ಗಡಿಯಾಚೆಯ ಮರಾಠಿಯಲ್ಲಿ ಅಭಂಗಗಳು ಅದೇ ಕೆಲಸ ಮಾಡಿವೆ.

ಆದ್ದರಿಂದ ವಿದ್ಯಾರ್ಥಿಗಳು ಈ ಹಾಡನ್ನು ಮೂರು ಬಾರಿ ಕೇಳುವುದು ಒಳಿತು: ಮೊದಲು ಲಯಕ್ಕಾಗಿ, ಬಳಿಕ ಪಠ್ಯವನ್ನು ಎದುರಿಗಿಟ್ಟುಕೊಂಡು, ಕೊನೆಗೆ ಊರಿನ ಭಜನೆಯವರ ಧಾಟಿಯೊಡನೆ ಹೋಲಿಸಿ. ಯಾವ ನುಡಿ ಬಿಟ್ಟುಹೋಗಿದೆ, ಎಲ್ಲಿ ವಾದ್ಯ ಮಾತನ್ನು ಎತ್ತಿಹಿಡಿದಿದೆ, ಎಲ್ಲಿ ಮುಚ್ಚಿದೆ ಎಂಬುದನ್ನು ಗುರುತಿಸಬೇಕು. ಪ್ರಶಸ್ತಿ ಬಂದಿತೆಂದು ಹೊಗಳುವುದಾಗಲಿ, ಗಿಟಾರು ಕಂಡಿತೆಂದು ತೆಗಳುವುದಾಗಲಿ ವಿಮರ್ಶೆಯಲ್ಲ. ಪದ ತನ್ನ ಅರ್ಥದೊಡನೆ ಕೇಳುಗನನ್ನು ತಲುಪಿತೇ ಎಂಬುದೇ ಕೇಳಬೇಕಾದ ಪ್ರಶ್ನೆ.